ಮೊದಲ ಪುಟದ ತಿದ್ದುಪಡಿ

ನಾನು ಬಿಟ್ಟುಬಂದ ಕುರ್ಚಿಗೆ ಈಗ ನಮ್ರತಾ ಎಂಬ ಹುಡುಗಿ ಬಂದಿದ್ದಾಳೆ. ಕಳೆದ ತಿಂಗಳು ಫೋನ್ ಮಾಡಿದ್ದಳು. ಸಿಬ್ಬಂದಿ ತರಬೇತಿಯ ಹಳೆಯ ಫೈಲನ್ನು ಹೊಸದಾಗಿ ಜೋಡಿಸುತ್ತಿದ್ದಾಳಂತೆ.

"ಸಾರ್, ಎಲ್ಲಾ ನೀಟಾಗಿದೆ. ಫಸ್ಟ್ ಪೇಜ್ ಒಂದೇ ಒಂಥರಾ ಇದೆ. ಅದನ್ನ ಲಾಸ್ಟಲ್ಲಿ ಹಾಕ್ಬಿಡ್ಲಾ? ಹೊಸಬ್ರು ಓಪನ್ ಮಾಡಿದ ತಕ್ಷಣ ನಿಮ್ ತಪ್ಪೇ ಕಾಣ್ಸುತ್ತೆ."

ಬೇಡ ಎಂದೆ. ಯಾಕೆ ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತಾಗ ಅವಳಿಗೆ ಮಾತ್ರವಲ್ಲ, ಅವಳ ನಂತರ ಈ ಕೆಲಸಕ್ಕೆ ಬರುವವರಿಗೂ ಆಗಲಿ ಅನ್ನಿಸಿತು.

ಕೆಲಸ ಏನೆಂದು ಮೊದಲು ಹೇಳಬೇಕು. ಬಾಣಸವಾಡಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ಒಂದು ಸ್ವಯಂಸೇವಾ ಸಂಸ್ಥೆ ನಮ್ಮದು. ಶಿವಾಜಿನಗರ, ಹಲಸೂರು, ಕಗ್ಗದಾಸಪುರ, ಕೆ.ಆರ್. ಪುರಗಳಲ್ಲಿ ಶೀಟು ಅಥವಾ ಹಳೆಯ ಹೆಂಚು ಹೊದೆಸಿದ ಸಣ್ಣ ಮನೆಗಳನ್ನು ಬಿಸಿಲು, ಮಳೆ, ಚಳಿಗೆ ಸಜ್ಜು ಮಾಡುವುದು ಅದರ ಕಾರ್ಯಕ್ರಮ. ಬಿಸಿಲಿನ ಕಾವು ಒಳಗೆ ಇಳಿಯದಂತೆ ಸೂರಿಗೆ ಬಿಳಿ ಬಣ್ಣ ಬಳಿಯುವುದು, ಶೀಟು ಮತ್ತು ಗೋಡೆಯ ನಡುವಿನ ಸಂದು ಮುಚ್ಚುವುದು, ಸೋರುವ ಕಡೆ ಪಟ್ಟಿ ಹಾಕುವುದು, ಗಾಳಿಕಿಂಡಿ ಕೂರಿಸುವುದು. ವಠಾರದ ಜನ ನಮ್ಮನ್ನು 'ಬಿಳಿ ಬಣ್ಣದವರು' ಎಂದೇ ಕರೆಯುತ್ತಿದ್ದರು.

ಆ ಕೆಲಸ ಮಾಡುವ ಸಿಬ್ಬಂದಿಗೆ ಏನು ಕಲಿಸಬೇಕು, ಯಾವುದರ ನಂತರ ಯಾವುದು, ಎಷ್ಟು ದಿನ, ಅವರು ಕಲಿತಿದ್ದಾರೆಂದು ತಿಳಿಯುವುದು ಹೇಗೆ, ಇದನ್ನೆಲ್ಲ ಬರೆಯುವುದು ನನ್ನ ಹೊಣೆ. ಏಣಿ ಹತ್ತಿದ್ದು ಕಡಿಮೆ. ಏಣಿ ಹೇಗೆ ಹತ್ತಬೇಕೆಂದು ಬರೆದದ್ದು ಹೆಚ್ಚು.

ಅದಕ್ಕೂ ಮೊದಲು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದ್ದೆ. ಬೇರೆಯವರು ತಂದ ಸುದ್ದಿಯನ್ನು ಕತ್ತರಿಸಿ, ತಿದ್ದಿ, ಪುಟಕ್ಕೆ ಕಳಿಸುವ ಕೆಲಸ. ಅಲ್ಲಿನ ಮುಖ್ಯಸ್ಥರು ಎರಡು ಮಾತು ಹೇಳುತ್ತಿದ್ದರು. ವಾಕ್ಯದಲ್ಲಿ ಕೆಲಸ ಇದ್ದರೆ ಮಾಡಿದವನೂ ಇರಬೇಕು. ತಪ್ಪು ಯಾವ ಪುಟದಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅದೇ ಪುಟದಲ್ಲಿ ಬರಬೇಕು. ಎರಡನೆಯದನ್ನು ಅವರು ಹೇಳಿದಷ್ಟು ಸಲ ಪಾಲಿಸಲಿಲ್ಲ. ತಿದ್ದುಪಡಿಗಳು ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಕೆಳಗೆ ಬರುತ್ತಿದ್ದವು. ಆದರೂ ಮಾತು ನನ್ನ ತಲೆಯಲ್ಲಿ ಉಳಿಯಿತು.

ನಾನು ಬರೆದ ಮೊದಲ ತರಬೇತಿ ಯೋಜನೆ ನನ್ನದಾಗಿರಲಿಲ್ಲ. ಚಳಿ ದೇಶವೊಂದರ ಕೈಪಿಡಿಯನ್ನು ಮುಂದಿಟ್ಟುಕೊಂಡು ಹಿಮದ ಅಧ್ಯಾಯ ತೆಗೆದು, ಉಳಿದದ್ದನ್ನು ಕನ್ನಡಕ್ಕೆ ಇಳಿಸಿದ್ದೆ. ಐದು ದಿನದ ಪಾಠ. ನಾಲ್ಕು ದಿನ ಪರದೆಯ ಮೇಲೆ ಚಿತ್ರ, ಕೊನೆಯ ದಿನ ಬರವಣಿಗೆಯ ಪರೀಕ್ಷೆ. ಸೂರಿನ ಕೆಲಸ ಕಲಿಸಲು ಸೈಯದ್ ಭಾಯ್ ಎಂಬ ಹಿರಿಯ ಮೇಸ್ತ್ರಿಯನ್ನು ಗೊತ್ತು ಮಾಡಿದ್ದೆವು. ಶಿವಾಜಿನಗರದವರು. ಹೆಂಚಿನ ಕೆಲಸದಲ್ಲಿ ಅವರ ಮನೆತನಕ್ಕೇ ಹೆಸರಿತ್ತು. ಮೊದಲ ದಿನ ನನ್ನ ನಾಲ್ಕನೆಯ ಚಿತ್ರದ ಹೊತ್ತಿಗೆ ಅವರು ಹಿಂದಿನ ಸಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದೆ.

"ಅರೆ ಸಾಬ್, ನೀವು ದೀಪ ಆರಿಸಿದ್ರಿ. ದೀಪ ಆರಿಸಿದ್ರೆ ಮನುಷ್ಯ ಮಲಗ್ತಾನೆ. ಅದು ನನ್ನ ತಪ್ಪಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಚಿತ್ರ ನಿಲ್ಲಿಸಲಿಲ್ಲ.

ಪರೀಕ್ಷೆಯಲ್ಲಿ ಮೊದಲು ಬಂದವನು ಒಬ್ಬ ಪದವೀಧರ. ಅವನು ಏಣಿಯ ಮೂರನೆಯ ಮೆಟ್ಟಿಲಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೊನೆಗೆ ಬಂದವಳು ಮಹಾದೇವಿ. ಯಾದಗಿರಿ ಕಡೆಯವಳು, ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ತಂಗಿಯ ಸಂಸಾರದೊಂದಿಗೆ ಇದ್ದಳು. ಹತ್ತು ವರ್ಷ ಕಟ್ಟಡಗಳಲ್ಲಿ ಗಾರೆ ಹೊತ್ತಿದ್ದಳು. ಅಕ್ಷರ ಕೂಡಿಸಿ ಓದುತ್ತಿದ್ದಳು, ಬರೆಯುವುದು ಕಷ್ಟ. ಉತ್ತರ ಪತ್ರಿಕೆಯಲ್ಲಿ ಹೆಸರಿನ ಕೆಳಗೆ ಒಂದು ಸೂರಿನ ಚಿತ್ರ ಬರೆದು, ನೀರು ಎಲ್ಲಿಂದ ಬರುತ್ತದೆ ಎಂದು ಬಾಣದ ಗುರುತು ಹಾಕಿ ಕೊಟ್ಟಿದ್ದಳು. ನಾನು ಸೊನ್ನೆ ಹಾಕಿದ್ದೆ.

ನಮ್ಮ ಕಾರ್ಯಕ್ರಮದ ಮುಖ್ಯಸ್ಥೆ ಫಿಲೋಮಿನಾ. ಹಲಸೂರಿನಲ್ಲೇ ಹುಟ್ಟಿ ಬೆಳೆದವರು, ಮನೆಯಲ್ಲಿ ತಮಿಳು, ಕಚೇರಿಯಲ್ಲಿ ಮೂರು ಭಾಷೆ ಒಟ್ಟಿಗೆ. ಆ ಉತ್ತರ ಪತ್ರಿಕೆಯನ್ನು ಎತ್ತಿ ಹಿಡಿದು ನೋಡಿದರು.

"ಎನ್ನಪ್ಪಾ ಮುರಳಿ, ಇದು ರೈಟಾ ರಾಂಗಾ?"

"ಉತ್ತರ ಸರಿಯಾಗಿದೆ ಮೇಡಂ, ಆದ್ರೆ ಬರೆದಿಲ್ಲ."

"ನಮ್ ವರ್ಕು ಏನು? ಬರೆಯೋದಾ, ಸೋರೋದು ನಿಲ್ಸೋದಾ?"

ಅಂದಿನಿಂದ ಪರೀಕ್ಷೆ ಬದಲಾಯಿತು. ಕಚೇರಿಯ ಹಿಂದೆ ಒಂದು ಶೀಟಿನ ಶೆಡ್ಡು ಕಟ್ಟಿಸಿದೆವು. ಬೇಕೆಂದೇ ಸೋರುವಂತೆ ಕಟ್ಟಿಸಿದ್ದು. ಕಲಿಯುವವರು ಅದನ್ನು ರಿಪೇರಿ ಮಾಡಬೇಕು. ಮುಗಿಯಿತೆಂದು ಹೇಳಿದ ಮೇಲೆ ಅವರೇ ಒಳಗೆ ನಿಲ್ಲಬೇಕು, ಸೈಯದ್ ಭಾಯ್ ಮೇಲಿಂದ ಒಂದೊಂದೇ ಬಕೆಟ್ ನೀರು ಸುರಿಯುತ್ತಾರೆ. ತಲೆ ಒಣಗಿದ್ದರೆ ಪಾಸು. ಪದವೀಧರ ಎರಡು ಸಲ ನೆಂದ. ಮಹಾದೇವಿ ಒಣ ಸೆರಗಿನಲ್ಲಿ ಹೊರಗೆ ಬಂದಳು. ಸೈಯದ್ ಭಾಯ್ ಮೇಲಿಂದ ಕೂಗಿದರು: "ಸಾಬ್, ಇನ್ನೊಂದು ಬಕೆಟ್ ಬೇಕಾ? ನಕ್ಕೋ! ನೀರು ವೇಸ್ಟು!"

ಬಿಳಿ ಬಣ್ಣದ ಪಾಠವನ್ನು ನಾವು ಕಲಿತದ್ದು ಶಿವಾಜಿನಗರದಲ್ಲಿ. ಬಣ್ಣ ಬಳಿಯುವ ಮುನ್ನ ಸೂರನ್ನು ಉಜ್ಜಿ ತೊಳೆದು ಒಣಗಿಸಬೇಕು. ನನ್ನ ಯೋಜನೆಯಲ್ಲಿ ಅದಕ್ಕೆ ಅರ್ಧ ಗಂಟೆ ಇತ್ತು. ತಂಡದವರು ಅರ್ಧ ಗಂಟೆಯಲ್ಲಿ ಎಷ್ಟಾಗುತ್ತೋ ಅಷ್ಟು ಉಜ್ಜಿದರು. ಮೊದಲ ಮಳೆಗೆ ಬಣ್ಣ ಹಾಲಿನಂತೆ ಹರಿದು ಪಕ್ಕದ ಅಂಗಳಕ್ಕೆ ಇಳಿಯಿತು. ಅಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ವ್ಯಾಪಾರಿ ಬುರ್ಖಾದ ಕಪ್ಪು ಬಟ್ಟೆಯ ಥಾನುಗಳನ್ನು ತಗಡಿನ ಮರೆಯಲ್ಲಿ ಇರಿಸಿದ್ದರು. ನಾನು ಹೋಗುವಷ್ಟರಲ್ಲಿ ಅವರು ಒಂದು ಥಾನನ್ನು ಬಿಚ್ಚಿ ಕಟಕಟೆಯ ಮೇಲೆ ಹಾಸಿದ್ದರು. ಕಪ್ಪಿನ ಮೇಲೆ ಉದ್ದುದ್ದ ಬಿಳಿ ಪಟ್ಟೆ.

"ನೋಡಿ ಜನಾಬ್, ಹೊಸ ಡಿಸೈನು. ಯಾರಿಗೆ ಮಾರ್ಲಿ? ಝೀಬ್ರಾಗೆ ಬುರ್ಖಾ ಹೊಲಿಸ್ಲಾ?"

ಕ್ಷಮೆ ಕೇಳಿದೆ. ಅವರು ಚಹಾ ಕುಡಿಸಿಯೇ ಕಳಿಸಿದರು. ಮರುದಿನ ಯೋಜನೆಯಲ್ಲಿ ಅರ್ಧ ಗಂಟೆಯನ್ನು ಹೊಡೆದು 'ಒಣಗುವವರೆಗೆ' ಎಂದು ಬರೆದೆ. ಗಡಿಯಾರದ ಲೆಕ್ಕದಲ್ಲಿ ಪಾಠ ಬರೆಯುವುದು ಬರೆಯುವವನಿಗೆ ಅನುಕೂಲ. ಸೂರಿಗೆ ಗಡಿಯಾರ ಗೊತ್ತಿಲ್ಲ.

ಇವೆಲ್ಲ ನಕ್ಕು ಮರೆಯಬಹುದಾದ ತಪ್ಪುಗಳು. ಮೊದಲ ಪುಟಕ್ಕೆ ಕಾರಣವಾದದ್ದು ಬೇರೆ.

ಸಂದು ಹುಡುಕಲು ನಾವು ಊದುಬತ್ತಿ ಬಳಸುತ್ತಿದ್ದೆವು. ಯಂತ್ರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿಲು ಮುಚ್ಚಿ, ಊದುಬತ್ತಿ ಹಚ್ಚಿ, ಶೀಟು ಗೋಡೆಗೆ ತಾಗುವ ಕಡೆಯಲ್ಲೆಲ್ಲ ನಿಧಾನಕ್ಕೆ ಹಿಡಿದುಕೊಂಡು ಹೋಗುವುದು. ಹೊಗೆ ನೆಟ್ಟಗೆ ಏರಿದರೆ ಗೋಡೆ ಗಟ್ಟಿ. ಹೊಗೆ ಅಲುಗಿದರೆ ಅಲ್ಲಿ ಸಂದು. ಕೆಲವು ಮನೆಗಳಲ್ಲಿ ನಾವು ಪೂಜೆಗೆ ಬಂದವರೆಂದು ಚಪ್ಪಲಿ ಬಿಡಲು ಹೇಳುತ್ತಿದ್ದರು. ಮಹಾದೇವಿಯ ಕೈ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅವಳು ಉಸಿರು ಬಿಗಿಹಿಡಿದು ಗೋಡೆಯ ಉದ್ದಕ್ಕೂ ಹೋಗುವಾಗ ಕಲಿಯಲು ಬಂದವರೂ ಉಸಿರು ಬಿಗಿಹಿಡಿಯುತ್ತಿದ್ದರು. ಎರಡನೆಯ ವರ್ಷಕ್ಕೆ ಅವಳು ಒಂದು ತಂಡದ ಮುಖ್ಯಸ್ಥೆ.

ಫೈಲಿನಲ್ಲಿ ಮೊದಲು ಬರುವ ಈ ಪಾಠಕ್ಕೆ ನಾನು ಬರೆದ ಸೂಚನೆ ಒಂದೇ ಸಾಲು: 'ಹೊಗೆ ಅಲುಗಿದ ಕಡೆಯೆಲ್ಲ ಮುಚ್ಚಬೇಕು.' ಚಿಕ್ಕದು, ಸ್ಪಷ್ಟ, ಬಾಯಿಪಾಠ ಮಾಡಬಹುದು. ಡೆಸ್ಕಿನಲ್ಲಿ ಕಲಿತ ಶೀರ್ಷಿಕೆಯ ವಿದ್ಯೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಹಲಸೂರಿನ ಮಾರುಕಟ್ಟೆಯ ಹಿಂದೆ ಸೆಲ್ವಿ ಎಂಬ ಹೆಂಗಸಿನ ಒಂದು ಕೋಣೆಯ ಮನೆ ಇತ್ತು. ಗಂಡ ಇಲ್ಲ, ಕಾಲೇಜಿಗೆ ಹೋಗುವ ಒಬ್ಬಳು ಮಗಳು. ಬೀದಿಯ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುತ್ತಿದ್ದಳು. ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ಮನೆಗೆ ಒಂದೇ ಕಡೆ ಇಳಿಜಾರಾದ ಸಿಮೆಂಟ್ ಶೀಟಿನ ಸೂರು. ಕಿಟಕಿ ಇಲ್ಲ. ಶೀಟಿನ ಅಲೆಗಳು ಗೋಡೆಯ ಮೇಲೆ ಕೂರುವಲ್ಲಿ ಸಾಲಾಗಿ ಅರ್ಧಚಂದ್ರದ ಕಿಂಡಿಗಳು. ತಗ್ಗಿನ ಕಡೆಯ ಕಿಂಡಿಗಳಿಂದ ಮಳೆಯ ಎರಚಲು ಹಾಸಿಗೆಯ ಮೇಲೆ ಬೀಳುತ್ತಿತ್ತು. ಅದನ್ನು ನಿಲ್ಲಿಸಿಕೊಡಿ ಎಂದು ಅವಳೇ ಬಂದು ಹೆಸರು ಬರೆಸಿದ್ದಳು.

ಕಡು ಬೇಸಿಗೆಯ ಮಧ್ಯಾಹ್ನ ಮಹಾದೇವಿಯ ತಂಡ ಮನೆ ನೋಡಲು ಹೋಯಿತು. ತಳ್ಳುಗಾಡಿ ಮರದ ಕೆಳಗಿತ್ತು. ಇಸ್ತ್ರಿಪೆಟ್ಟಿಗೆ ಗಾಡಿಯ ಮೇಲಿತ್ತು. ಮನೆಯೊಳಗೆ ಗ್ಯಾಸ್ ಒಲೆ ಇತ್ತು, ಅದು ಬಾಗಿಲ ಪಕ್ಕದಲ್ಲಿ. ಮನೆ ನೋಡುವಾಗ ತುಂಬಲೆಂದು ನಾನು ಮಾಡಿಕೊಟ್ಟಿದ್ದ ನಮೂನೆಯಲ್ಲಿ ಒಲೆ ಯಾವುದು ಎಂಬ ಪ್ರಶ್ನೆ ಇತ್ತು. 'ಗ್ಯಾಸ್, ಬಾಗಿಲ ಪಕ್ಕ' ಎಂದು ತುಂಬಿದರು. ನಮೂನೆಯ ಮಟ್ಟಿಗೆ ಎಲ್ಲ ಸರಿಯಿತ್ತು.

ಮುಚ್ಚುವ ಕೆಲಸದ ದಿನ ನಾನು ಕಚೇರಿಯಲ್ಲಿದ್ದೆ. ಮಹಾದೇವಿ ಫೋನ್ ಮಾಡಿದಳು.

"ಸರ, ತಗ್ಗಿನ ಕಡಿ ಊದಿನಕಡ್ಡಿ ಹಿಡದ್ರ ಹೊಗಿ ಒಳಗ ಬಾಗ್ತದ. ಮ್ಯಾಲಿನ ಕಡಿ ಹಿಡದ್ರ ಹೊಗಿ ಹೊರಗ ಓಡ್ತದ. ಇಲ್ಲಿಂದ ಮಳಿ ಬರಂಗಿಲ್ರಿ. ಇದನೂ ಮುಚ್ಚಬೇಕೇನ್ರಿ?"

ನನ್ನ ಮುಂದೆ ಮುಂದಿನ ತರಬೇತಿಯ ವೇಳಾಪಟ್ಟಿ ಇತ್ತು. ಕಣ್ಣು ಅದರ ಮೇಲೇ ಇತ್ತು.

"ಸೂಚನೆಯಲ್ಲಿ ಏನಿದೆ ಮಹಾದೇವಿ?"

"ಹೊಗಿ ಅಲಗಿದ ಕಡಿ ಎಲ್ಲಾ ಮುಚ್ಚಬೇಕು ಅಂತದ."

"ಅಲುಗುತ್ತಾ?"

"ಅಲಗ್ತದ್ರಿ."

"ಮತ್ತೇನು?"

"ಆತ್ರಿ ಸರ" ಎಂದಳು. ಎರಡೂ ಕಡೆ ಗಾರೆ ತುಂಬಿ ಮುಚ್ಚಿದರು. ಕೆಲಸ ಚೊಕ್ಕವಾಗಿತ್ತು. ಸೈಯದ್ ಭಾಯ್ ತಪಾಸಣೆಗೆ ಹೋಗಿ ಬಕೆಟ್ ನೀರು ಸುರಿದು, ಒಂದು ಹನಿಯೂ ಬೀಳಲಿಲ್ಲವೆಂದು ಬರೆದರು.

ಮಳೆಗಾಲದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯಿತು. ಮರದ ಕೆಳಗೆ ಗಾಡಿ ನಿಲ್ಲಿಸುವಂತಿರಲಿಲ್ಲ. ಪ್ರತಿ ಮಳೆಗಾಲದಲ್ಲಿ ಮಾಡುವಂತೆ ಸೆಲ್ವಿ ಇಸ್ತ್ರಿಪೆಟ್ಟಿಗೆಯನ್ನು ಮನೆಯೊಳಗೆ ತಂದಳು, ಇದ್ದಿಲು ಹೊತ್ತಿಸಿ ಮೇಜಿನ ಮೇಲೆ ಕೆಲಸ ಶುರುಮಾಡಿದಳು. ಒಗೆದ ಬಟ್ಟೆಗೆ ಎರಚಲು ಬೀಳಬಾರದೆಂದು ಬಾಗಿಲು ಮುಚ್ಚಿದಳು. ಹಿಂದಿನ ವರ್ಷಗಳಲ್ಲೂ ಹಾಗೇ ಮಾಡಿದ್ದಳು. ಆಗ ಮೇಲಿನ ಕಿಂಡಿಗಳು ತೆರೆದಿದ್ದವು. ಈ ಸಲ ಇರಲಿಲ್ಲ.

ಮಧ್ಯಾಹ್ನ ಮಗಳು ಕಾಲೇಜಿನಿಂದ ಬಂದಾಗ ಅಮ್ಮ ಮೇಜಿನ ಪಕ್ಕ ಬಿದ್ದಿದ್ದಳು. ಇಸ್ತ್ರಿಪೆಟ್ಟಿಗೆ ಅದರ ತಗಡಿನ ಮೇಲೆ ಸರಿಯಾಗಿಯೇ ಕೂತಿತ್ತು. ಮಗಳು ಅಮ್ಮನನ್ನು ಎಳೆದು ಮಳೆಯಲ್ಲೇ ಮೆಟ್ಟಿಲ ಮೇಲೆ ಮಲಗಿಸಿದಳು. ಅಕ್ಕಪಕ್ಕದವರು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಮುಚ್ಚಿದ ಕೋಣೆಯಲ್ಲಿ ಉರಿದ ಇದ್ದಿಲಿನ ವಿಷಗಾಳಿ ಎಂದು ವೈದ್ಯರು ತಕ್ಷಣ ಗುರುತಿಸಿದರು. ಸೆಲ್ವಿ ಬದುಕಿದಳು. ಇನ್ನರ್ಧ ಗಂಟೆ ಆಗಿದ್ದರೆ ಎಂದು ವೈದ್ಯರು ಮಾತು ಅಲ್ಲಿಗೇ ನಿಲ್ಲಿಸಿದರಂತೆ. ಮಗಳಿಗೆ ಆ ದಿನ ಕೊನೆಯ ತರಗತಿ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ನಮ್ಮ ಕಾರ್ಯಕ್ರಮಕ್ಕೆ ನೆರವು ಕೊಡುತ್ತಿದ್ದವರು ವರದಿ ಕೇಳಿದರು. ಏನಾಯಿತು, ಯಾರ ಲೋಪ, ಏನು ಕ್ರಮ. ವರದಿ ಬರೆಯುವವರೆಗೆ ಮಹಾದೇವಿ ಕೆಲಸಕ್ಕೆ ಬರುವುದು ಬೇಡವೆಂದು ತೀರ್ಮಾನವಾಯಿತು. ಲೋಪ ಅವಳದೆಂದಾದರೆ ಅವಳನ್ನು ತೆಗೆಯುವುದು ಖಚಿತವಾಗಿತ್ತು. ಮತ್ತೆ ಗಾರೆ ಹೊರಲು ಹೋಗಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹೆಂಗಸನ್ನು ಸಾಯಿಸುತ್ತಿದ್ದವಳು ಎಂಬ ಮಾತು ವಠಾರದಿಂದ ವಠಾರಕ್ಕೆ ಅವಳ ಹಿಂದೆ ಹೋಗುತ್ತಿತ್ತು.

ವರದಿ ಬರೆಯುವ ಕೆಲಸ ನನಗೆ ಬಂತು. ಬರವಣಿಗೆ ನನ್ನದೇ ಇಲಾಖೆ.

ಮೊದಲ ಕರಡಿನಲ್ಲಿ ನಾನು ಬರೆದದ್ದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ: 'ಮನೆಯ ಬಳಕೆಯ ಪರಿಶೀಲನೆ ವೇಳೆ ಲೋಪವಾಗಿದ್ದು, ಗಾಳಿಯ ಹೊರಮಾರ್ಗವನ್ನು ಮುಚ್ಚಲಾಗಿದೆ.' ಮುಚ್ಚಲಾಗಿದೆ. ಡೆಸ್ಕಿನಲ್ಲಿದ್ದಾಗ ಇಂಥ ವಾಕ್ಯ ಬಂದರೆ ವರದಿಗಾರನನ್ನು ಕರೆದು, 'ಯಾರು ಮುಚ್ಚಿದ್ದು?' ಎಂದು ಕೇಳುತ್ತಿದ್ದೆ. ವರದಿಯ ಕೆಳಗೆ ಕೆಲಸ ಮಾಡಿದ ತಂಡದ ಮುಖ್ಯಸ್ಥೆಯ ಹೆಸರಿನ ಕಾಲಂ ಇತ್ತು. ಅಲ್ಲಿ ಮಹಾದೇವಿಯ ಹೆಸರಿತ್ತು. ವಾಕ್ಯದಲ್ಲಿ ಯಾರೂ ಇಲ್ಲ, ಕೆಳಗೆ ಅವಳು ಇದ್ದಾಳೆ. ಓದುವವರು ಜೋಡಿಸಿಕೊಳ್ಳುತ್ತಾರೆ. ನನಗೆ ಅದು ಗೊತ್ತಿತ್ತು. ಗೊತ್ತಿಲ್ಲದೆ ಹಾಗೆ ಬರೆದೆ ಎಂದು ಹೇಳಿದರೆ ಅದು ಎರಡನೆಯ ಸುಳ್ಳಾಗುತ್ತದೆ.

ಆ ಫೋನಿನ ವಿಷಯ ಬಲ್ಲವರು ಇಬ್ಬರೇ. ನಾನು ಬರೆಯಲಿಲ್ಲ. ಅವಳು ಹೇಳಲಿಲ್ಲ.

ಕರಡನ್ನು ಸೈಯದ್ ಭಾಯ್‌ಗೆ ಓದಿ ಹೇಳಿದೆ, ತಪಾಸಣೆಗೆ ಅವರೂ ಸಹಿ ಹಾಕಿದ್ದರಲ್ಲ. ಕಣ್ಣು ಮುಚ್ಚಿ ಕೇಳಿದರು. ಈ ಸಲ ನಿದ್ದೆಯಲ್ಲ.

"ಸಾಬ್, ನಾನು ನೀರು ಹಾಕಿ ನೋಡ್ದೆ. ಗಾಳಿ ನೋಡ್ಲಿಲ್ಲ. ನನ್ನ ಹೆಸರು ಬರೀರಿ. ನನ್ನದು ಯಾಕೆ ಇಲ್ಲ ಇದ್ರಲ್ಲಿ?"

"ನೀವು ಸೂಚನೆ ಪ್ರಕಾರ ನೋಡಿದ್ರಿ, ಭಾಯ್."

"ಹೌ. ಆ ಹುಡುಗಿ ಕೂಡ ಸೂಚನೆ ಪ್ರಕಾರನೇ ಮುಚ್ಚಿದಳು. ಸೂಚನೆ ಯಾರು ಬರೆದ್ರು? ಜಿನ್ನು ಬಂದು ಬರೆಯಿತಾ?"

ಕರಡನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಂಡು ಕಗ್ಗದಾಸಪುರಕ್ಕೆ ಹೋದೆ. ರೈಲ್ವೆ ಗೇಟು ದಾಟಿ, ಸಾಲು ಕೋಣೆಗಳ ಆ ವಠಾರದಲ್ಲಿ ಮಹಾದೇವಿ ಹೊರಗಿನ ಕಲ್ಲಿನ ಮೇಲೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಸೆಲ್ವಿ ಹೇಗಿದ್ದಾಳೆ ಎಂದು ಕೇಳಿದ್ದೇ ಅವಳು ಮೊದಲು. ಮನೆಗೆ ಬಂದಿದ್ದಾಳೆ, ತಲೆನೋವು ಇನ್ನೂ ಇದೆ ಎಂದೆ.

"ನಾ ನಿನ್ನಿ ಹೋಗಿದ್ನಿರಿ ಸರ. ಮ್ಯಾಲಿನ ಸಂದಿ ಎಲ್ಲಾ ಒಡದು ತಗದು ಬಂದೀನಿ. ಆಫೀಸಿಗಿ ಕೇಳಲಿಲ್ಲ. ಕೇಳಿದ್ರ ಮತ್ತ ಏನಾರ ಅಂತೀರಿ ಅಂತ."

ಕೆಲಸದಿಂದ ದೂರ ಇರಿಸಲ್ಪಟ್ಟವಳು ಉಳಿ ಸುತ್ತಿಗೆ ಹಿಡಿದು ಹೋಗಿ ಮಾಡಬೇಕಾದದ್ದನ್ನು ಮಾಡಿ ಬಂದಿದ್ದಳು. ನಾನು ಆ ವಾರವಿಡೀ ವಾಕ್ಯ ಮಾಡುತ್ತಿದ್ದೆ.

"ಮಹಾದೇವಿ, ಆವತ್ತು ನೀನು ಫೋನ್ ಮಾಡಿ ಕೇಳಿದ್ದನ್ನ ಮೇಡಂಗೆ ಯಾಕೆ ಹೇಳಲಿಲ್ಲ?"

ಜರಡಿಯನ್ನು ಕೆಳಗಿಟ್ಟಳು.

"ನೀವ ಹೇಳ್ತೀರಂತ ಕಾಯ್ಲಕತ್ತಿದ್ದೆ."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅವಳೇ ಮಾತು ಮುಂದುವರಿಸಿದಳು.

"ನಂದೂ ತಪ್ಪದರಿ. ಇಸ್ತ್ರಿ ಮಾಡಾಕಿ ಅಂತ ಗೊತ್ತಿತ್ತು. ಮಳ್ಯಾಗ ಎಲ್ಲಿ ಮಾಡ್ತಿ ಅಂತ ಒಂದ್ ಮಾತ್ ಕೇಳಬೇಕಿತ್ತು. ಬಿಸಿಲಾಗ ಹೋಗಿ ಮಳಿ ಮನಿ ನೋಡೀವಿ ಅಂದ್ರ ಹೆಂಗಾಗ್ತದ?"

ಇಷ್ಟು ವರ್ಷ ಪಾಠ ಬರೆದ ನನಗೆ ಆ ಕೊನೆಯ ಮಾತು ಹೊಳೆದಿರಲಿಲ್ಲ. ನಾವು ಮನೆಗಳನ್ನು ನೋಡುತ್ತಿದ್ದದ್ದು ಒಣ ದಿನಗಳಲ್ಲಿ, ನಮ್ಮ ಅನುಕೂಲದ ಹೊತ್ತಿನಲ್ಲಿ. ಮನೆ ಕಷ್ಟಪಡುವುದು ಬೇರೆ ದಿನಗಳಲ್ಲಿ. ಮಳೆ ಬಂದಾಗ ಹೊರಗಿನ ಬದುಕೆಲ್ಲ ಒಳಗೆ ಬರುತ್ತದೆ. ಇಸ್ತ್ರಿಪೆಟ್ಟಿಗೆ, ಬೋಂಡಾದ ಒಲೆ, ಮೇಕೆ, ನೀರು ಕಾಯಿಸುವ ಹಂಡೆ. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಮರುದಿನ ಬೆಳಿಗ್ಗೆ ಫಿಲೋಮಿನಾ ಅವರ ಮೇಜಿನ ಮೇಲೆ ಹೊಸ ವರದಿ ಇಟ್ಟೆ. ಅದರ ಮೊದಲ ಎರಡು ವಾಕ್ಯ: 'ಮೇಲಿನ ಕಿಂಡಿಗಳನ್ನು ಮುಚ್ಚಬೇಕೇ ಎಂದು ತಂಡದ ಮುಖ್ಯಸ್ಥೆ ಮಹಾದೇವಿ ನನ್ನನ್ನು ಫೋನಿನಲ್ಲಿ ಕೇಳಿದರು. ಮುಚ್ಚಲು ನಾನು ಹೇಳಿದೆ.' ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

"ಒನ್ ವೀಕ್ ಎಲ್ಲಿ ಇಟ್ಟಿದ್ದೆ ಇದನ್ನ?"

"ನನ್ನ ಹತ್ರಾನೇ ಇತ್ತು ಮೇಡಂ."

"ನಿನ್ ಕೆಲಸ ಹೋಗ್ಬೋದು. ಗೊತ್ತಾ?"

"ಗೊತ್ತು."

"ಗೊತ್ತಿದ್ರೆ ಸರಿ." ವರದಿಯನ್ನು ಲಕೋಟೆಗೆ ಹಾಕಿದರು. "ನಾನು ಏನೂ ಆಡ್ ಮಾಡಲ್ಲ, ಏನೂ ಕಟ್ ಮಾಡಲ್ಲ. ಅವಳನ್ನ ಮಂಡೇ ಬರಕ್ಕೆ ಹೇಳು. ನೀನೇ ಫೋನ್ ಮಾಡು. ಫೋನ್ ಎತ್ತಿದ್ಮೇಲೆ ಈ ಸಲ ಕಿವಿ ಕೊಟ್ಟು ಕೇಳು."

ನನ್ನ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಪತ್ರ ಬಂತು, ಯೋಜನೆಗಳನ್ನು ಒಬ್ಬನೇ ಅಂತಿಮಗೊಳಿಸುವ ಅಧಿಕಾರ ಹೋಯಿತು. ಎರಡೂ ಸರಿಯಾಗಿದ್ದವು. ಸೆಲ್ವಿಯ ಮನೆಗೆ ಕ್ಷಮೆ ಕೇಳಲು ಹೋದಾಗ ಅವಳು, "ಪರವಾಗಿಲ್ಲ ಸಾಮಿ" ಎಂದಳು. ಮಗಳು ಹಾಗೆ ಹೇಳಲಿಲ್ಲ. ಬಾಗಿಲಲ್ಲಿ ನಿಂತು, "ನೀವು ಮನೆ ಸರಿ ಮಾಡಿಕೊಡ್ತೀವಿ ಅಂತ ಬಂದವ್ರು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಮಾತನ್ನೂ ದಾಖಲಿಸಬೇಕಾದದ್ದು ನನ್ನ ಕರ್ತವ್ಯ.

ಆಮೇಲೆ ಮಹಾದೇವಿ, ಸೈಯದ್ ಭಾಯ್, ನಾನು ಮೂವರೂ ಶೆಡ್ಡಿನ ನೆರಳಿನಲ್ಲಿ ಕೂತು ಪಾಠವನ್ನು ಮೊದಲಿನಿಂದ ಕಟ್ಟಿದೆವು. ಅವಳು ಹೇಳುವುದು, ನಾನು ಬರೆಯುವುದು. ಹೊಗೆ ಒಳಗೆ ಬಾಗಿದರೆ ಒಂದು ಗುರುತು, ಹೊರಗೆ ಓಡಿದರೆ ಇನ್ನೊಂದು ಗುರುತು. ಹೊರಗೆ ಓಡುವ ಸಂದಿಗೆ ಮಳೆ ತಡೆಯುವ ಮರೆ ಮಾತ್ರ, ಮುಚ್ಚುವಂತಿಲ್ಲ. ಊದುಬತ್ತಿ ಹಚ್ಚುವುದಕ್ಕೂ ಮೊದಲು, ನಮೂನೆ ತೆಗೆಯುವುದಕ್ಕೂ ಮೊದಲು, ಮನೆಯವರೊಂದಿಗೆ ಕೂತು ಎರಡು ಪ್ರಶ್ನೆ ಕೇಳಬೇಕು. ಮಳೆ ಬಂದರೆ ನೀವು ಏನನ್ನು ಒಳಗೆ ತರುತ್ತೀರಿ? ಚಳಿ ಬಂದರೆ ನೀವು ಏನನ್ನು ಮುಚ್ಚುತ್ತೀರಿ? ಪರೀಕ್ಷೆಯೂ ಬದಲಾಯಿತು. ಬಕೆಟ್ ನೀರಿನ ನಂತರ, ಕಲಿಯುವವರು ಗಾಳಿ ಹೊರಗೆ ಹೋಗುವ ದಾರಿಯನ್ನು ಕೈಯಿಟ್ಟು ತೋರಿಸಬೇಕು.

ಹಳೆಯ ಸಾಲನ್ನು ಅಳಿಸುವುದು ಸುಲಭವಿತ್ತು. ನಾನು ಅಳಿಸಲಿಲ್ಲ. ಆ ಸಾಲು, ಅದರ ಮೇಲೆ ಅಡ್ಡಗೆರೆ, ಫೋನಿನಲ್ಲಿ ನಡೆದ ಮಾತು, ಸೆಲ್ವಿಗೆ ಆದದ್ದು, ಕೆಳಗೆ ನನ್ನ ಸಹಿ. ಇದನ್ನು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೊದಲಿಗೆ ಹಾಕಿದೆ. ತಪ್ಪು ಮೊದಲ ಪಾಠದಲ್ಲಿತ್ತು, ತಿದ್ದುಪಡಿಯೂ ಅಲ್ಲೇ ಇರಬೇಕು. ನಮ್ರತಾ ಕೇಳಿದ ಪುಟ ಅದೇ.

ಈಗ ತಂಡಗಳ ಕೈಯಲ್ಲಿ ಶಾಖ ತೋರಿಸುವ ಕ್ಯಾಮೆರಾ ಇದೆ. ಗೋಡೆಯ ಎಲ್ಲಿ ಬಿಸಿ, ಎಲ್ಲಿ ತೇವ ಎಂದು ಬಣ್ಣದಲ್ಲಿ ಕಾಣುತ್ತದೆ. ಒಳ್ಳೆಯ ಯಂತ್ರ. ಅದು ಇವತ್ತಿನ ಮನೆಯನ್ನು ತೋರಿಸುತ್ತದೆ. ಮೂರು ತಿಂಗಳ ನಂತರದ ಮನೆಯನ್ನು ತೋರಿಸುವುದು ಮನೆಯವರ ಬಾಯಿ ಮಾತ್ರ.

ಇಷ್ಟು ಬರೆದು ಮುಗಿಸಿದ್ದೆ. ಹೋದ ಭಾನುವಾರ ಮಹಾದೇವಿ ಮನೆಗೆ ಬಂದಳು. ಈಗ ತರಬೇತಿಯ ಮುಖ್ಯ ಬೋಧಕಿ ಅವಳು. ನಮ್ರತಾಳಿಗೆ ಈ ಬರಹ ತಲುಪಿಸಲು ನಾನೇ ಕರೆದಿದ್ದೆ. ಇಂದಿರಾನಗರದ ಹಿಂಬದಿಯಲ್ಲಿ ನಮ್ಮದು ಸಣ್ಣ ಮನೆ, ನಾನು ಮತ್ತು ಹೆಂಡತಿ. ಕಾಫಿ ಕುಡಿದು, ಕೈ ತೊಳೆಯಲು ಒಳಗೆ ಹೋದವಳು ಬೇಗ ಬರಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಕರೆದಳು.

"ಸರ, ಚಳಿಗಿ ನೀವು ಏನ್ ಮುಚ್ತೀರಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವಳ ಬೆರಳು ತೋರಿಸುತ್ತಿದ್ದ ಕಡೆ ನೋಡಿದೆ. ಗೋಡೆಯ ಮೇಲೆ ಗ್ಯಾಸ್ ಗೀಸರು. ಅದರ ಎದುರಿನ ಗಾಳಿಕಿಂಡಿಗೆ ಹೋದ ಡಿಸೆಂಬರಿನಲ್ಲಿ, ಸ್ನಾನ ಮಾಡುವಾಗ ಚಳಿ ಗಾಳಿ ಬರುತ್ತದೆಂದು, ನಾನೇ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ. ನಾಲ್ಕೂ ಅಂಚಿಗೆ ಟೇಪು. ಒಂದು ಸಂದೂ ಬಿಡದೆ, ಚೊಕ್ಕವಾಗಿ.

ನನ್ನ ಹೆಂಡತಿ ಹಿಂದೆ ಬಂದು ನಿಂತಳು. "ನಾನು ಆವತ್ತೇ ಹೇಳ್ದೆ, ಉಸಿರು ಕಟ್ಟಿದ ಹಾಗಾಗುತ್ತೆ ಅಂತ. ಇವ್ರು ಕೇಳಿದ್ರೆ ತಾನೇ!"

"ಇವ್ರು ಫೋನಿನ್ಯಾಗೂ ಕೇಳಂಗಿಲ್ರಿ ಅಮ್ಮ" ಎಂದಳು ಮಹಾದೇವಿ. ಇಬ್ಬರೂ ನಕ್ಕರು. ನಗುತ್ತಲೇ ಅವಳು ಬಕೆಟ್ ಬೋರಲು ಹಾಕಿ, ಹತ್ತಿ, ಟೇಪಿನ ಒಂದು ತುದಿ ಉಗುರಿನಲ್ಲಿ ಎಬ್ಬಿಸಿ ಹಾಳೆಯನ್ನು ಒಂದೇ ಸಲಕ್ಕೆ ಕಿತ್ತಳು. ದೇವರ ಗೂಡಿನಿಂದ ಒಂದು ಊದುಬತ್ತಿ ತರಿಸಿ, ಹಚ್ಚಿ, ಕಿಂಡಿಗೆ ಹಿಡಿದಳು. ಹೊಗೆ ಹೊರಗೆ ಓಡಿತು.

ನಮ್ರತಾ, ಮೊದಲ ಪುಟದ ಹಿಂದೆ ಇನ್ನೊಂದು ಹಾಳೆ ಸೇರಿಸಲು ಕಳಿಸಿದ್ದೇನೆ. ಅದರಲ್ಲಿ ನನ್ನ ಬಚ್ಚಲ ಗಾಳಿಕಿಂಡಿಯ ವಿವರ ಇದೆ. ಯಾರು ಮುಚ್ಚಿದರು, ಯಾರು ತೆರೆದರು ಎಂದು ಹೆಸರು ಸಹಿತ ಬರೆದಿದ್ದೇನೆ. ಎರಡನ್ನೂ ಅಲ್ಲೇ ಇಡು.